ತೊಳೆದ ಮರಿ

ಮೂರನೇ ಸಲ ನೀರು ಬದಲಾಯಿಸಿದ ಮೇಲೆ ಮೇಕೆಮರಿಯ ಬಣ್ಣ ಬಿಳಿ ಎಂಬುದು ಗೊತ್ತಾಯಿತು. ಅಲ್ಲಿಯವರೆಗೆ ಅದು ಬೂದು ಬಣ್ಣದ್ದೆಂದೇ ಎಲ್ಲರೂ ತಿಳಿದಿದ್ದರು, ಅದರ ಒಡತಿ ಮೇಕೆಯಜ್ಜಿಯೂ ಸೇರಿ. ದೊಡ್ಡಮ್ಮ ಮೊಣಕೈವರೆಗೆ ನೊರೆ ಮಾಡಿಕೊಂಡು, ಒಂದು ಕೈಯಲ್ಲಿ ಮರಿಯ ಗದ್ದವನ್ನು ನೀರಿನಿಂದ ಮೇಲೆತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಲದ ಕೆಳಗೆ ಮೆತ್ತಿ ಒಣಗಿದ್ದ ಭೇದಿಯನ್ನು ನೆನೆಸಿ ನೆನೆಸಿ ಬಿಡಿಸುತ್ತಿದ್ದಳು. ಕಲೆ ತೆಗೆಯುವಾಗ ಅವಳಿಗೆ ಅವಸರ ಎಂಬುದೇ ಇಲ್ಲ.

"ಆಯ್ತು ಕಂದ, ಆಯ್ತು. ಎಷ್ಟು ಚೆನ್ನಾಗಿದ್ದೀಯ ನೋಡು. ಇಷ್ಟು ದಿನ ಈ ಬಣ್ಣನ ಎಲ್ಲಿ ಬಚ್ಚಿಟ್ಟಿದ್ದೆ?"

ಮರಿ ಸಣ್ಣಗೆ ಅರಚಿತು. ಆಚೆ ಇಸ್ತ್ರಿಯ ಮೇಜಿನ ಹತ್ತಿರ ಹೋಟೆಲಿನ ಚಾದರ ಮಡಚುತ್ತಿದ್ದ ಅವಳ ಗಂಡ ಇಣುಕಿ ನೋಡಿದ.

"ಲೇ, ನೀಲಿ ಹಾಕಲ್ವಾ?"

"ಸುಮ್ನಿರಿ."

"ಕಿವಿಗೆ ಸ್ವಲ್ಪ ಗಂಜಿನಾದ್ರೂ ಹಾಕು. ನೆಟ್ಟಗೆ ನಿಂತ್ಕೊಳ್ತವೆ."

"ಮಗು ಶಾಲೆಯಿಂದ ಬರೋ ಹೊತ್ತಾಯ್ತು. ಟವೆಲ್ ಬಿಸಿ ಮಾಡಿಕೊಡ್ರೀ ಅಂದ್ರೆ ಹಲ್ಲು ಕಿರಿತಾ ನಿಂತಿದ್ದೀರಿ."

ಬೆಚ್ಚಗಿನ ಟವೆಲ್ಲು ಬಂತು. ಕೊನೆಯ ನೀರಿಗೆ ದೊಡ್ಡಮ್ಮ, ಹೋಟೆಲಿನ ದಿಂಬಿನ ಚೀಲಗಳಿಗೆ ಮಾತ್ರ ಹಾಕುವ ಗುಲಾಬಿ ಪರಿಮಳದ ದ್ರವವನ್ನು ಒಂದು ಮುಚ್ಚಳ ಸುರಿದಳು. ಸ್ವಲ್ಪ ಯೋಚಿಸಿ ಇನ್ನೊಂದು ಮುಚ್ಚಳ. ಬಿಟ್ಟರೆ ಮೂರನೆಯದನ್ನೂ ಹಾಕುತ್ತಿದ್ದಳೋ ಏನೋ, ಮರಿ ಸೀನಿತು.

ಓಣಿಯ ಕೊನೆಯ ಲಾಂಡ್ರಿ ಅವರದು. ಮುಂದೆ ಇಸ್ತ್ರಿಯ ಮೇಜು, ಹಿಂದೆ ತೊಳೆಯುವ ಕೋಣೆ, ಅದರ ಪಕ್ಕ ಬಾಯ್ಲರು, ಮೆಟ್ಟಿಲು ಹತ್ತಿದರೆ ಮನೆ. ಓಣಿಯವರು ಅವಳ ಬೆನ್ನ ಹಿಂದೆ ಸೋಪಮ್ಮ ಎನ್ನುತ್ತಿದ್ದರು, ಮೇಕೆಯಜ್ಜಿ ಮುಖದ ಮುಂದೆಯೇ ಎನ್ನುತ್ತಿದ್ದಳು. ಅವಳಿಗೇನೂ ಬೇಜಾರಿರಲಿಲ್ಲ. ಬೇರೆಯವರ ಮನೆಗೆ ಹೋದರೆ ಕಣ್ಣು ಮೊದಲು ಹೋಗುವುದೇ ಕಿಟಕಿ ಪರದೆಯ ಅಂಚಿಗೆ. ಮಾತಾಡುತ್ತಾ ಮಾತಾಡುತ್ತಾ ಮನೆಯೊಡತಿಯ ತೋಳಿನ ಮೇಲಿದ್ದ ಎಣ್ಣೆಯ ಚುಕ್ಕೆಯನ್ನು ಉಗುರಿನಿಂದ ಕೆರೆದು ಬೈಸಿಕೊಂಡವಳು. ಅವಳು ತೊಡುವ ಬಿಳಿ ಮೇಲಂಗಿ ಸಂಜೆಗೂ ಬಿಳಿಯೇ. ಮಕ್ಕಳಿರಲಿಲ್ಲ. ಅವಳನ್ನು ದೊಡ್ಡಮ್ಮ ಎಂದು ಕರೆಯುವ ಜೀವ ಒಂದೇ ಒಂದು, ತಂಗಿಯ ಮಗಳು. ದೂರದ ಊರಿನಲ್ಲಿದ್ದ ತಂಗಿ ಆ ಬೇಸಿಗೆಯ ಕೊನೆಗೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಹುಡುಗಿಯ ಅಪ್ಪ ಅದಕ್ಕೂ ಮೊದಲೇ ತೀರಿಹೋಗಿದ್ದ. ನಾಲ್ಕನೇ ತರಗತಿಯ ಮಗು ಒಂದು ಚೀಲ ಹಿಡಿದುಕೊಂಡು ಈ ಮನೆಗೆ ಬಂತು.

ಹುಡುಗಿ ಒಳ್ಳೆಯವಳು, ಅದೇ ಕಷ್ಟವಾಗಿತ್ತು. ಹಟ ಮಾಡುವುದಿಲ್ಲ. ಬಡಿಸಿದ್ದನ್ನು ಉಣ್ಣುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ, ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಏನು ಬೇಕು ಎಂದರೆ 'ಏನೂ ಬೇಡ', ಇನ್ನೂ ಸ್ವಲ್ಪ ಹಾಕ್ಲಾ ಎಂದರೆ 'ಸಾಕು'. ಮಾತೆಲ್ಲ ಬನ್ನಿ ಹೋಗಿ. ವಾರಕ್ಕೆಂದು ಬಂದ ನೆಂಟರೂ ಇದಕ್ಕಿಂತ ಹೆಚ್ಚು ಸಲುಗೆ ತೆಗೆದುಕೊಳ್ಳುತ್ತಾರೆ. "ಒಂದು ಸಲ ಏನಾದ್ರೂ ಬೇಕು ಅಂತ ನೆಲಕ್ಕೆ ಬಿದ್ದು ಅತ್ತುಬಿಡ್ಲಿ ಕಣ್ರೀ, ನಂಗೆ ಜೀವ ಬಂದಂಗಾಗುತ್ತೆ" ಎಂದು ದೊಡ್ಡಮ್ಮ ಗಂಡನ ಹತ್ತಿರ ಹೇಳಿಕೊಂಡಿದ್ದಳು. "ಬರುತ್ತೆ, ಸ್ವಲ್ಪ ತಡಿ" ಎಂದಿದ್ದ ಅವನು. ಆದರೆ ತಡೆಯುವುದು ದೊಡ್ಡಮ್ಮನ ಜಾಯಮಾನವಲ್ಲ.

ಬಂದ ಮೊದಲ ದಿನವೇ ಅವಳು ಕೈಲಾದದ್ದನ್ನು ಮಾಡಿದ್ದಳು. ಹುಡುಗಿಯ ಚೀಲದಲ್ಲಿ ತಂಗಿಯ ನೀಲಿ ಉಣ್ಣೆಯ ಸ್ವೆಟರು ಇತ್ತು, ತೋಳಿನ ತುದಿ ಕಪ್ಪಾಗಿ, ಎದೆಯ ಮೇಲೆ ಎಂಥದೋ ಔಷಧಿಯ ಕಲೆಯಾಗಿ. ಹುಡುಗಿ ಸ್ನಾನಕ್ಕೆ ಹೋದಾಗ ದೊಡ್ಡಮ್ಮ ಅದನ್ನು ತಣ್ಣೀರಿನಲ್ಲಿ, ಉಣ್ಣೆ ಕುಗ್ಗದ ಹಾಗೆ, ತೆಳ್ಳನೆಯ ಸೋಪಿನಲ್ಲಿ ಕೈಯಿಂದಲೇ ತೊಳೆದು, ಟವೆಲ್ಲಿನ ಮೇಲೆ ಹರವಿ ಒಣಗಿಸಿ, ಮಡಚಿ ಕೊಟ್ಟಳು. ಹೊಸದರ ಹಾಗಾಗಿತ್ತು. ಹುಡುಗಿ ಅದನ್ನು ಮುಖಕ್ಕೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ "ಥ್ಯಾಂಕ್ಸ್" ಎಂದು ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಳು. ಅವತ್ತಿನಿಂದ ಅದನ್ನು ಮುಟ್ಟಿರಲಿಲ್ಲ. ಅಷ್ಟು ಅಕ್ಕರೆಯಿಂದ ತೊಳೆದುಕೊಟ್ಟರೂ ತಿರುಗಿ ನೋಡಲಿಲ್ಲವಲ್ಲ ಎಂದು ದೊಡ್ಡಮ್ಮನಿಗೆ ಒಳಗೊಳಗೇ ನೋವಾಗಿತ್ತು.

ಹೀಗಿರುವಾಗ, ಚಳಿ ಶುರುವಾದ ಮೇಲೆ, ಹಿತ್ತಿಲ ಬಾಗಿಲಿನಿಂದ ಮೇಕೆಯಜ್ಜಿ ಬಂದಳು. ಬೇಲಿಯಾಚೆಯ ಮನೆ ಅವಳದು. ಸೊಂಟದ ಮೇಲೆ ಕೂಸನ್ನು ಇಟ್ಟುಕೊಂಡಂತೆ ಒಂದು ಮರಿಯನ್ನು ಇಟ್ಟುಕೊಂಡಿದ್ದಳು.

"ಸೋಪಮ್ಮ, ಇದು ಅವಳಿಯಲ್ಲಿ ಎರಡನೇದು. ಮೊದಲನೇದು ಗುಂಡುಕಲ್ಲು, ಇದು ಪಾಪದ್ದು. ಹೊಟ್ಟೆ ನಿಲ್ತಿಲ್ಲ, ಕಾಲು ನಿಲ್ತಿಲ್ಲ. ನನ್ನ ಕೊಟ್ಟಿಗೇಲಿ ಚಳಿ. ನಿನ್ನ ಬಾಯ್ಲರ್ ಪಕ್ಕ ನಾಲ್ಕು ದಿನ ಇಟ್ಕೊಂಡ್ರೆ ಬದುಕಿಕೊಳ್ಳುತ್ತೇನೋ."

"ಭೇದಿ ಆಗ್ತಿರೋ ಮರೀನ ಲಾಂಡ್ರಿಯೊಳಗಾ? ತಲೆ ನೆಟ್ಟಗಿದೆಯಾ ಅಜ್ಜಿ ನಿಂಗೆ?"

ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡುತ್ತಿದ್ದ ಹುಡುಗಿ ಎದ್ದು ನಿಂತಳು. "ಇಟ್ಕೊಳ್ಳೋಣ್ವಾ?" ಎಂದಳು.

ಆ ಮನೆಗೆ ಬಂದ ಮೇಲೆ ಅವಳು ಕೇಳಿದ ಮೊದಲ ವಸ್ತು ಅದು. ದೊಡ್ಡಮ್ಮ ಕೂಡಲೇ ಎದ್ದಳು. ಬಿಳಿ ಚಾದರಗಳನ್ನೆಲ್ಲ ಮೇಲಿನ ಹಗ್ಗಕ್ಕೆ ಏರಿಸಿದಳು, ಬಾಯ್ಲರಿನ ಪಕ್ಕ ಹಳೆಯ ಪೆಟ್ಟಿಗೆಯಿಟ್ಟು ಅದರೊಳಗೆ ಹರಿದ ಟವೆಲ್ಲು ಹಾಸಿದಳು.

ಮರಿಯನ್ನು ನೋಡಿಕೊಳ್ಳುವುದು ಬಟ್ಟೆ ತೊಳೆದಂತಲ್ಲ ಎಂದು ಬೇಗನೆ ಗೊತ್ತಾಯಿತು. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಚಮಚದಲ್ಲಿ ಬಾಯಿಯ ಪಕ್ಕದಿಂದ ಹನಿಹನಿಯಾಗಿ ಬಿಡಬೇಕು, ಹೆಚ್ಚಾದರೆ ಕೆಮ್ಮುತ್ತದೆ. ಹಾಲು ಮಾತ್ರ ಚಮಚಕ್ಕೂ ಬಾರದು, ಬಾಟಲಿಗೂ ಬಾರದು. ರಬ್ಬರಿನ ನಿಪ್ಪಲ್ಲನ್ನು ನಾಲಿಗೆಯಿಂದ ಹೊರಗೆ ತಳ್ಳಿಬಿಡುತ್ತಿತ್ತು. ಅದಕ್ಕೆ ತಾಯಿಯ ಕೆಚ್ಚಲೇ ಆಗಬೇಕು. ಹಾಗಾಗಿ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಹುಡುಗಿ ಅದನ್ನು ಎದೆಗೆ ಒತ್ತಿಕೊಂಡು ಬೇಲಿ ದಾಟಿಸಿ, ತಾಯಿಯ ಕೆಳಗೆ ಹಿಡಿದು ಕುಡಿಸಿ, ಮತ್ತೆ ಬೆಚ್ಚಗಿನ ಪೆಟ್ಟಿಗೆಗೆ ತರುತ್ತಿದ್ದಳು. ನಡುವೆ ಒಂದು ಸಲ ದೊಡ್ಡಮ್ಮನ ಪಾಳಿ. ಊಟದ ಹೊತ್ತಿನಲ್ಲಿ ಈಗ ಮಾತು ಕೇಳಿಸುತ್ತಿತ್ತು. "ಇವತ್ತು ತಾನೇ ಎದ್ದು ನಿಂತಿತು." "ಇವತ್ತು ನನ್ನ ಬೆರಳು ಚೀಪಿತು." ದೊಡ್ಡಪ್ಪ, ಗಂಡಸರು ಮಾತ್ರ ಕೇಳುವಂಥ ಪೆದ್ದು ಪ್ರಶ್ನೆಗಳನ್ನು ಬೇಕೆಂದೇ ಕೇಳಿ ಮಾತು ಬೆಳೆಸುತ್ತಿದ್ದ.

ಭೇದಿ ನಿಂತಿತು. ನಿಂತ ಖುಷಿಗೇ ದೊಡ್ಡಮ್ಮ ಅವತ್ತು ಮರಿಯನ್ನು ಟಬ್ಬಿಗಿಳಿಸಿದ್ದು. ಮಗು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ನೋಡಿ ದಂಗಾಗಬೇಕು, ಅದೇ ಅವಳ ಆಸೆ. ಆ ಗಡಿಬಿಡಿಯಲ್ಲಿ ಮಧ್ಯಾಹ್ನ ತಾಯಿಯ ಹತ್ತಿರ ಒಯ್ಯುವುದನ್ನೂ ಮರೆತಿದ್ದಳು.

ಹುಡುಗಿ ಬಂದಳು. ದೊಡ್ಡಮ್ಮ ಟವೆಲ್ಲಿನ ಸಮೇತ ಮರಿಯನ್ನು ಮುಂದೆ ಹಿಡಿದಳು. "ನೋಡೇ! ಯಾರಿದು ಹೇಳು?"

ಹುಡುಗಿಯ ಮುಖ ಅರಳಿತು. ಚೀಲ ಎಸೆದು ಮರಿಯನ್ನು ತೆಗೆದುಕೊಂಡು, ದಿನದ ಹಾಗೆ ಅದರ ಕತ್ತಿಗೆ ಮೂಗಿಟ್ಟಳು. ಅರಳಿದ್ದ ಮುಖ ಹಾಗೇ ಮುಚ್ಚಿಕೊಂಡಿತು.

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಥ್ಯಾಂಕ್ಸ್."

ಆ ಮಾತನ್ನು ಅದೇ ದನಿಯಲ್ಲಿ ಎಲ್ಲೋ ಕೇಳಿದ ಹಾಗಾಯಿತು ದೊಡ್ಡಮ್ಮನಿಗೆ. ಎಲ್ಲಿ ಎಂದು ಆಗ ಹೊಳೆಯಲಿಲ್ಲ.

ಇಬ್ಬರೂ ಬೇಲಿ ದಾಟಿ ಕೊಟ್ಟಿಗೆಗೆ ಹೋದರು. ತಾಯಿಮೇಕೆ ಗೋಣಿಯ ಮೇಲೆ ಮಲಗಿತ್ತು, ಗುಂಡುಕಲ್ಲು ಅದರ ಬೆನ್ನ ಮೇಲೆ ಹತ್ತಿ ನಿಂತಿತ್ತು. ಹುಡುಗಿ ಮರಿಯನ್ನು ಕೆಳಗಿಟ್ಟಳು. ಅದು ಹಸಿದಿತ್ತು, ತಡವರಿಸಿಕೊಂಡು ನೇರ ಕೆಚ್ಚಲಿಗೆ ಹೋಯಿತು. ತಾಯಿ ಎದ್ದು ತಿರುಗಿ ಅದರ ಬಾಲ ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ತಲೆ ಬಗ್ಗಿಸಿ ಒಂದು ಗುದ್ದು ಕೊಟ್ಟಿತು ನೋಡಿ, ಮರಿ ಹೋಗಿ ಕಂಬಕ್ಕೆ ಬಡಿಯಿತು.

"ಅಯ್ಯೋ!" ಹುಡುಗಿ ಓಡಿ ಎತ್ತಿಕೊಂಡಳು. ಮತ್ತೆ ಬಿಟ್ಟಳು. ಮತ್ತೆ ಗುದ್ದು.

ಸದ್ದು ಕೇಳಿ ಬಂದ ಮೇಕೆಯಜ್ಜಿ ಮರಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. "ಏನಿದು, ಮದುವೆಗೆ ಹೊರಟಂಗೆ ಘಮಘಮ ಅಂತಿದೆ! ಏನು ಮಾಡ್ದೆ ಇದಕ್ಕೆ?"

"ತೊಳೆದೆ" ಎಂದಳು ದೊಡ್ಡಮ್ಮ.

"ತೊಳೆದ್ಯಾ! ನಿನ್ನ ಸೋಪಿಗೆ ಬೆಂಕಿ ಹಾಕ! ಇದು ತನ್ನ ಮರಿ ಅಂತ ಆ ಮೇಕೆಗೆ ಹೆಂಗೆ ಗೊತ್ತಾಗ್ಬೇಕು ಈಗ?"

ಅಜ್ಜಿ ತಾಯಿಮೇಕೆಯ ಕೊರಳನ್ನು ಕಂಕುಳಲ್ಲಿ ಅದುಮಿ ಹಿಡಿದು ಮರಿಯನ್ನು ಕೆಳಗೆ ತಳ್ಳಿ ನೋಡಿದಳು. ಮೇಕೆ ಹಿಂಗಾಲು ಝಾಡಿಸಿತು. ಮರಿ ಒಂದು ಗುಟುಕು ಕುಡಿಯಿತೋ ಇಲ್ಲವೋ, ಬಿದ್ದು ಎದ್ದು ಮೂಲೆಗೆ ಹೋಗಿ ನಿಂತಿತು. ಅಜ್ಜಿ ಹಾಲು ಕರೆದು ಬಾಟಲಿಗೆ ತುಂಬಿ ಕೊಟ್ಟಳು. "ಇದನ್ನ ಹಿಡಿಸಿ ನೋಡಿ. ಹಿಡೀಲಿಲ್ಲ ಅಂದ್ರೆ..." ಎಂದವಳು ಹುಡುಗಿಯ ಮುಖ ನೋಡಿ ಮಾತು ನುಂಗಿದಳು.

ಮರಿ ಬಾಟಲಿ ಹಿಡಿಯಲಿಲ್ಲ. ಬಾಯ್ಲರಿನ ಪಕ್ಕ ನೆಲದ ಮೇಲೆ ಕೂತು ದೊಡ್ಡಮ್ಮ ಬಾಯಿ ಬಿಡಿಸಿದಳು, ಹುಡುಗಿ ನಿಪ್ಪಲ್ಲು ಒತ್ತಿದಳು. ಹಾಲು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬಂದು ಅಚ್ಚ ಬಿಳಿ ಗದ್ದದ ಮೇಲೆ ಇಳಿಯಿತು. ಮಗು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ, ಅದನ್ನೂ ಕೈಯಾರೆ ಹಾಳುಮಾಡಿದೆನಲ್ಲ ಎಂದು ದೊಡ್ಡಮ್ಮ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

"ಕೊಳೇಲಿ ನರಳ್ತಿತ್ತಲ್ಲ ಅಂತ ತೊಳೆದೆ ಕಣೇ. ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ನಾ? ಎಂಥ ತಾಯಿ ಅದು! ಅದೇ ಕಣ್ಣು, ಅದೇ ಕಿವಿ, ಅದೇ ದನಿ. ಅದೇ ಮರಿ ತಾನೆ?"

"ಅದೇ ಮರಿನೇ" ಎಂದಳು ಹುಡುಗಿ, ಮರಿಯ ಗದ್ದ ಒರೆಸುತ್ತಾ. "ಆದ್ರೆ ವಾಸನೆ ಹೋಗಿದೆಯಲ್ಲ. ವಾಸನೆ ಹೋದ್ಮೇಲೆ ಯಾರದೂ ಅಲ್ಲ ಅದು. ಬರೀ ಬಟ್ಟೆ."

ಮರಿಯ ವಿಷಯ ಮಾತಾಡುತ್ತಿದ್ದವಳು ಬಟ್ಟೆ ಎಂದಳು. ತಾನು ಹಾಗೆಂದದ್ದು ಅವಳಿಗೇ ಗೊತ್ತಾದಂತಿರಲಿಲ್ಲ. ಸ್ವೆಟರನ್ನು ಮುಖಕ್ಕೆ ಹಿಡಿದು ನಿಂತಿದ್ದ ಮಗು, ಕಪಾಟಿನ ಮೇಲಿನ ಅರೆ, ಆ 'ಥ್ಯಾಂಕ್ಸ್', ಎಲ್ಲ ಒಟ್ಟಿಗೇ ದೊಡ್ಡಮ್ಮನ ಕಣ್ಣ ಮುಂದೆ ಬಂದವು. ಇಷ್ಟು ತಿಂಗಳು ಒಂದೇ ಮನೆಯಲ್ಲಿದ್ದು ಇದು ಹೊಳೆಯದೇ ಹೋಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಬಾಟಲಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದಳು.

"ಹೇಗಿತ್ತು?" ಎಂದು ಕೇಳಿದಳು ಕೊನೆಗೆ.

"ಏನು?"

"ನಿಮ್ಮಮ್ಮನ ಸ್ವೆಟರು. ನಾನು ತೊಳೆಯೋಕೆ ಮುಂಚೆ."

ಹುಡುಗಿ ಮರಿಯ ಕಿವಿಯನ್ನು ಬೆರಳಿನಿಂದ ಸವರಿದಳು. ಬಾಯ್ಲರಿನೊಳಗೆ ನೀರು ಗುಡುಗುಡು ಎನ್ನುತ್ತಿತ್ತು.

"ಬ್ರೆಡ್ ತರ. ಬೇಕರಿ ಕೆಲಸದಿಂದ ಬಂದ ತಕ್ಷಣ ಅಮ್ಮ ಹಾಕ್ಕೊಳ್ತಿದ್ದಳು. ಆಮೇಲೆ ತಲೆನೋವಿನ ಮುಲಾಮು. ಕತ್ತಿನ ಹತ್ರ ಜಾಸ್ತಿ."

"ಅವಳಿಗೆ ತಲೆನೋವು ಬರ್ತಿತ್ತಾ?"

"ದಿನಾ ಬರ್ತಿತ್ತು."

ಅದು ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಯಾವಾಗ ಕೇಳಿದರೂ ತಂಗಿ 'ನಾನು ಚೆನ್ನಾಗಿದ್ದೀನಿ ಅಕ್ಕ, ನೀನು ಹೇಗಿದ್ದೀಯ' ಎನ್ನುತ್ತಿದ್ದಳು. ಅಕ್ಕ ನಂಬಿ ಬಟ್ಟೆ ತೊಳೆಯಲು ಹೋಗುತ್ತಿದ್ದಳು. ಮುಲಾಮಿನ ವಾಸನೆಯನ್ನು ನೆನಪಿಗೆ ತಂದುಕೊಂಡು, ಬ್ರೆಡ್ಡಿನದನ್ನು ತಂದುಕೊಂಡು, ಎರಡನ್ನೂ ಸೇರಿಸಲು ನೋಡಿದಳು. ಆಗಲಿಲ್ಲ. ಆ ವಾಸನೆ ಅವಳ ಕೈಗೇ ಬಂದಿತ್ತು, ಅವಳೇ ಮೋರಿಗೆ ಬಿಟ್ಟಿದ್ದಳು. ಈಗ ಅಳು ತಡೆಯಲಿಲ್ಲ. "ತೊಳೀಬಾರದಿತ್ತು ಕಂದ. ತಪ್ಪಾಯ್ತು" ಎಂದು ಬಿಕ್ಕಿದಳು. ಹುಡುಗಿ ಪರವಾಗಿಲ್ಲ ಎನ್ನಲಿಲ್ಲ. ದೊಡ್ಡಮ್ಮನ ಕೈಯಿಂದ ಬಾಟಲಿ ತೆಗೆದುಕೊಂಡು ಮತ್ತೆ ಮರಿಯ ಬಾಯಿಗೆ ಹಿಡಿದಳು.

ಮಾರನೆಯ ದಿನ ಶಾಲೆಗೆ ರಜೆ. ಮರಿ ತಲೆ ಎತ್ತುತ್ತಿರಲಿಲ್ಲ. ದೊಡ್ಡಮ್ಮ ಬೆಳಿಗ್ಗೆಯೇ ಬಿಳಿ ಮೇಲಂಗಿಯಲ್ಲೇ ಕೊಟ್ಟಿಗೆಗೆ ನುಗ್ಗಿದಳು. "ಅಜ್ಜಿ, ನಿನ್ನ ಮೇಕೆಯ ಕೊಳೆಯೆಲ್ಲ ಎಲ್ಲೆಲ್ಲಿದೆ ತೋರಿಸು" ಎಂದಳು.

"ಏನು ಮಾಡ್ತೀಯ?"

"ಹತ್ತಿಸ್ತೀನಿ."

"ನಂಗೇನೋ ಅನುಮಾನ. ಒಂದು ಸಲ ಬೇಡ ಅಂದ್ರೆ ಇದು ಬೇಡವೇ."

ಬಟ್ಟೆಗೆ ನಾತ ಹೇಗೆ ಹಿಡಿಯುತ್ತದೆ ಎಂಬುದು ದೊಡ್ಡಮ್ಮನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಒದ್ದೆ ಇರಬೇಕು, ಬಿಸಿ ಇರಬೇಕು, ಗಾಳಿ ಆಡಬಾರದು. ಜೀವಮಾನವಿಡೀ ಗಿರಾಕಿಗಳಿಗೆ ಹಾಗೆ ಮಾಡಬೇಡಿ ಎಂದು ಬೈದದ್ದನ್ನೇ ಈಗ ಮಾಡಲು ಕೂತಳು. ತಾಯಿಮೇಕೆ ಮಲಗುವ ಗೋಣಿಯನ್ನು ಬಿಸಿನೀರು ಚಿಮುಕಿಸಿ ನೆನೆಸಿ, ಮರಿಯನ್ನು ಅದರಲ್ಲಿ ಸುತ್ತಿದಳು. "ಗುಂಡುಕಲ್ಲನ್ನೂ ಒಳಗೆ ಹಾಕೋಣ" ಎಂದಳು ಹುಡುಗಿ. "ಅದರ ವಾಸನೆ ಅಮ್ಮನಿಗೆ ಗೊತ್ತು." ಸರಿ, ಗುಂಡುಕಲ್ಲೂ ಗೋಣಿಯೊಳಗೆ ಹೋಯಿತು. ದೊಡ್ಡಮ್ಮ ಎರಡನ್ನೂ ಮಡಿಲಿಗೆ ಎಳೆದುಕೊಂಡು, ಮೇಲಂಗಿಯ ಗುಂಡಿ ಬಿಚ್ಚಿ ಅದರ ಅಂಚನ್ನು ಮೇಲೆ ಹೊದಿಸಿ, ಹಿಕ್ಕೆಯ ನಡುವೆ ಕಾಲು ಚಾಚಿ ಕೂತಳು. ಗುಂಡುಕಲ್ಲಿಗೆ ಖುಷಿಯಾಗಿ ಸ್ವಲ್ಪ ಹೊತ್ತಿಗೇ ಉಚ್ಚೆ ಹುಯ್ಯಿತು.

"ಹೋಯ್ತು ನಿಮ್ಮ ಅಂಗಿ" ಎಂದು ಹುಡುಗಿ ಕಿಸಕ್ಕನೆ ನಕ್ಕಳು.

"ಹುಯ್ಯಲಿ ಬಿಡು. ಅದೇ ಬೇಕಾಗಿತ್ತು."

ಬೇಲಿಯಾಚೆಯಿಂದ ಗಂಡನ ತಲೆ ಕಾಣಿಸಿತು. "ಹೋಟೆಲಿನವರು ಬಂದಿದ್ದಾರೆ ಕಣೇ. ಚಾದರ ಎಲ್ಲಿ ಅಂತಾರೆ."

"ಒದ್ದೆ ಇದೆ ಅನ್ನಿ."

"ಚಾದರ ಒಣಗಿದೆಯಲ್ಲೇ."

"ನಾನು ಒದ್ದೆ ಇದ್ದೀನಿ ಅನ್ನಿ, ಹೋಗ್ರೀ!"

ಬಿಸಿಲು ಕೊಟ್ಟಿಗೆಯ ಒಳಗೆ ಬಂದು ಹೊರಗೆ ಹೋಯಿತು. ಹುಡುಗಿ ಆಗಾಗ ಗೋಣಿ ಬಿಚ್ಚಿ ಮೂಸಿ "ಇನ್ನೂ ಗುಲಾಬಿ" ಎನ್ನುವಳು, ಮತ್ತೆ ಮುಚ್ಚುವಳು. ದೊಡ್ಡಮ್ಮನ ಕಾಲು ಜೋಮು ಹಿಡಿದಿತ್ತು, ಬೆನ್ನು ನೋಯುತ್ತಿತ್ತು, ಮಡಿಲಲ್ಲಿ ಮರಿಯ ಎದೆ ಬಡಿದುಕೊಳ್ಳುವುದು ಒಮ್ಮೆ ಗೊತ್ತಾಗುತ್ತಿತ್ತು, ಒಮ್ಮೆ ಇಲ್ಲ. ಗೊತ್ತಾಗದಾಗ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಕೊನೆಗೊಮ್ಮೆ ಹುಡುಗಿ ಮೂಸಿ ಮುಖ ಸಿಂಡರಿಸಿದಳು. "ಥೂ, ಈಗ ಸರಿಹೋಯ್ತು!"

ಅಜ್ಜಿ ತಾಯಿಯ ಹಾಲನ್ನು ಅಂಗೈಗೆ ಕರೆದು ಮರಿಯ ಬೆನ್ನಿಗೂ ಬಾಲಕ್ಕೂ ಸವರಿದಳು. ಮೊದಲು ಗುಂಡುಕಲ್ಲನ್ನು ಬಿಟ್ಟರು, ಅದರ ಬೆನ್ನಿಗೇ ಇದನ್ನು. ತಾಯಿ ತಿರುಗಿ ಮೂಸಿತು. ತಲೆ ಬಗ್ಗಿಸಿತು. ಹುಡುಗಿ ದೊಡ್ಡಮ್ಮನ ತೋಳು ಹಿಡಿದುಕೊಂಡಳು. ತಾಯಿ ಮತ್ತೆ ಮೂಸಿತು, ಬಾಲದಿಂದ ಬೆನ್ನಿಗೆ, ಬೆನ್ನಿನಿಂದ ಕಿವಿಗೆ. ಮರಿಗೆ ಕೆಚ್ಚಲು ಎರಡು ಸಲ ತಪ್ಪಿ ಮೂರನೇ ಸಲ ಸಿಕ್ಕಿತು. ತಾಯಿ ಒಪ್ಪಿದೆ ಎಂದೇನೂ ತೋರಿಸಿಕೊಳ್ಳಲಿಲ್ಲ. ಆ ಕಡೆ ನೋಡುತ್ತಾ ಮೆಲುಕು ಹಾಕಲು ಶುರುಮಾಡಿತು, ಅಷ್ಟೇ. ಮರಿಯ ಚೋಟುದ್ದ ಬಾಲ ಪಟಪಟ ಆಡತೊಡಗಿತು.

"ನಿನ್ನ ಸೋಪಿಗೆ ಹಾಕಿದ ಬೆಂಕಿ ಆರಿಸಿದ್ದೀನಿ ತಗೋ" ಎಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತಾ.

ಮನೆಗೆ ಬಂದಾಗ ಗಂಡ ಮೂಗು ಮುಚ್ಚಿಕೊಂಡು ದಾರಿ ಬಿಟ್ಟ. ಟಬ್ಬಿಗೆ ಬಿಸಿನೀರು ತುಂಬಿ, ಸೋಪು ಕದಡಿ, ನೊರೆ ಎಬ್ಬಿಸಿಟ್ಟಿದ್ದ. "ಮೊದಲು ಆ ಅಂಗಿ ಬಿಚ್ಚಿ ಹಾಕು. ಹೋಟೆಲಿನವರು ವಾಪಸ್ ಬಂದ್ರೆ ಲಾಂಡ್ರಿ ಬಾಗಿಲು ಮುಚ್ಚಬೇಕಾಗುತ್ತೆ" ಎಂದು ಮುಂದಿನ ಕೋಣೆಗೆ ಹೋದ. ದೊಡ್ಡಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ಗುಂಡಿಗೆ ಕೈಹಾಕಿದಳು. ಅಂಗಿಯಲ್ಲಿ ಬಿಳಿ ಎಂಬುದು ಎಲ್ಲೂ ಉಳಿದಿರಲಿಲ್ಲ.

"ತೊಳೀಬೇಡ" ಎಂದಳು ಹುಡುಗಿ.

"ಹಾಂ?"

"ಇರು. ಬಂದೆ."

ಮೆಟ್ಟಿಲ ಮೇಲೆ ಓಡುವ ಸದ್ದು, ಮೇಲೆ ಕಪಾಟಿನ ಬಾಗಿಲ ಸದ್ದು, ಮತ್ತೆ ಓಡುವ ಸದ್ದು. ಹುಡುಗಿಯ ಕೈಯಲ್ಲಿ ನೀಲಿ ಸ್ವೆಟರು ಇತ್ತು. ಅವತ್ತು ದೊಡ್ಡಮ್ಮ ಹಾಕಿದ ಮಡಿಕೆ ಹಾಗೇ ಇತ್ತು. ಹುಡುಗಿ ಅದನ್ನು ಬಿಚ್ಚಿ, ಮುದ್ದೆ ಮಾಡಿ, ದೊಡ್ಡಮ್ಮನ ಒದ್ದೆ ಮೇಲಂಗಿಯೊಳಗೆ ಹೊಟ್ಟೆಯ ಹತ್ತಿರ ತುರುಕಿದಳು. ಬಿಚ್ಚಿದ್ದ ಗುಂಡಿಗಳನ್ನು ಒಂದೊಂದಾಗಿ ಮತ್ತೆ ಹಾಕಿದಳು.

"ಕೈ ಹೀಗಿಟ್ಕೋ" ಎಂದಳು. "ಗಾಳಿ ಆಡಬಾರದು."

ದೊಡ್ಡಮ್ಮ ಹಾಗೇ ಕೈ ಇಟ್ಟುಕೊಂಡಳು. ಹುಡುಗಿ ಪಕ್ಕದಲ್ಲಿ ಕೂತು, ಅವಳ ತೋಳಿಗೆ ಒರಗಿ, ಮರಿಯನ್ನು ಕಾಯುತ್ತಿದ್ದ ಹಾಗೆ ಆ ಅಂಗಿಯನ್ನು ನೋಡುತ್ತಾ ಕಾಯತೊಡಗಿದಳು.

"ನೀರು ಆರಿಹೋಗ್ತಿದೆ ಕಣೇ!" ಎಂದು ಮುಂದಿನ ಕೋಣೆಯಿಂದ ದನಿ ಬಂತು. ದೊಡ್ಡಮ್ಮ ಅಂಗಿಯ ಮೇಲಿನ ಕೈಯನ್ನು ಇನ್ನಷ್ಟು ಬಿಗಿ ಮಾಡಿದಳು.